ಮನಸ್ಸಿಗೂ ಮದ್ದುಂಟು

ಕಾಲು ಮುರಿದವನನ್ನು ಕಂಡು 'ಎದ್ದು ಓಡು' ಎಂದು ಯಾರೂ ಗದರಿಸುವುದಿಲ್ಲ. ಆದರೆ ಮನಸ್ಸು ಕುಗ್ಗಿ ಕುಳಿತವನಿಗೆ 'ಸೋಮಾರಿತನ ಬಿಡು, ಧೈರ್ಯ ತಂದುಕೋ' ಎಂದು ಬುದ್ಧಿ ಹೇಳುವವರು ಅನೇಕರು. ಊದಿಕೊಂಡ ಕಾಲು ಕಣ್ಣಿಗೆ ಕಾಣುತ್ತದೆ. ಮನಸ್ಸಿನ ನೋವು ಕಾಣುವುದಿಲ್ಲ.

ದುಃಖವೆಲ್ಲವೂ ರೋಗವಲ್ಲ. ಪರೀಕ್ಷೆಯಲ್ಲಿ ಸೋತಾಗ, ಪ್ರೀತಿಪಾತ್ರರು ಅಗಲಿದಾಗ ದುಃಖವಾಗುವುದು ಸಹಜ. ಕಾಲ ಕಳೆದಂತೆ ಅದು ತಿಳಿಯಾಗುತ್ತದೆ. ಆದರೆ ಎರಡು ವಾರಗಳಾದರೂ ಮನಸ್ಸಿನ ಮಂಕು ಕವಿದೇ ಇದ್ದರೆ, ಆಟಪಾಠಗಳಲ್ಲಿ ಆಸಕ್ತಿ ಉಡುಗಿ, ನಿದ್ರಾಹಾರಗಳು ಏರುಪೇರಾಗಿ, 'ನಾನು ಯಾವುದಕ್ಕೂ ಬಾರದವನು' ಎಂಬ ಭಾವನೆ ಬೇರೂರಿದರೆ ಅದು ಖಿನ್ನತೆಯಿರಬಹುದು. ಎಳೆಯರಲ್ಲಿ ಅದು ಸಿಡುಕಿನ ರೂಪದಲ್ಲಿಯೂ ತೋರುವುದುಂಟು.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮಿದುಳಿನ ಬೇರೆಬೇರೆ ಭಾಗಗಳ ನರಕೋಶಗಳು ಒಂದರೊಡನೊಂದು ಕೂಡಿ, ಜಾಲಗಳಾಗಿ ಕೆಲಸ ಮಾಡುತ್ತವೆ. ಇವುಗಳಲ್ಲಿ ಮೂರು ಜಾಲಗಳು ಗಮನಾರ್ಹವಾದವು. ಮೊದಲನೆಯದು, ಮನುಷ್ಯನು ಸುಮ್ಮನೆ ಕುಳಿತು ತನ್ನ ಕುರಿತೇ ಚಿಂತಿಸುವಾಗ ಚುರುಕಾಗುವಂಥದು. ಅಮೆರಿಕದ ವಿಜ್ಞಾನಿ ಮಾರ್ಕಸ್ ರೈಕ್ಲ್ ಮತ್ತು ಅವರ ಸಂಗಡಿಗರು 2001ರಲ್ಲಿ ವಿಶ್ರಾಂತ ಮಿದುಳಿನ ಈ ಚಟುವಟಿಕೆಯ ಕಡೆಗೆ ಲೋಕದ ಗಮನ ಸೆಳೆದರು. ಎರಡನೆಯದು, ಲೆಕ್ಕ ಬಿಡಿಸುವಂತಹ ಕೆಲಸಗಳಲ್ಲಿ ಮನಸ್ಸನ್ನು ನಿಲ್ಲಿಸುವಂಥದು. ಮೂರನೆಯದು ಬಾಗಿಲು ಕಾಯುವವನಂತೆ. ಯಾವ ಸಂಗತಿಗೆ ಗಮನ ಕೊಡಬೇಕೆಂಬುದನ್ನು ಅದು ಆರಿಸುತ್ತದೆ.

ಆರೋಗ್ಯವಂತನಲ್ಲಿ ಈ ಜಾಲಗಳು ಸಮಯವರಿತು ಒಂದಕ್ಕೊಂದು ಎಡೆಗೊಡುತ್ತವೆ. ಖಿನ್ನತೆಯಲ್ಲಿ ಈ ಹೊಂದಾಣಿಕೆ ಕೆಡುವುದನ್ನು ಹಲವು ಸಂಶೋಧನೆಗಳು ತೋರಿಸಿವೆ. ಆಗ ಮನಸ್ಸು ಗಾಣದ ಎತ್ತಿನಂತೆ ಒಂದೇ ನೋವಿನ ಸುತ್ತ ತಿರುಗುತ್ತದೆ. ಹೊರಬರಬೇಕೆಂಬ ಇಚ್ಛೆಯಿದ್ದರೂ ದಾರಿ ಸಿಗದು. ಸಂತೋಷವನ್ನು ಗುರುತಿಸುವ ಭಾಗಗಳೂ ಮಂದವಾಗುತ್ತವೆ. ಎಲ್ಲ ರೋಗಿಗಳಲ್ಲಿಯೂ ಈ ಬದಲಾವಣೆ ಒಂದೇ ಬಗೆಯಲ್ಲಿರುವುದಿಲ್ಲ; ಆದ್ದರಿಂದಲೇ ಒಬ್ಬನಿಗೆ ಹಿಡಿಸಿದ ಚಿಕಿತ್ಸೆ ಇನ್ನೊಬ್ಬನಿಗೆ ಹಿಡಿಸದಿರಬಹುದು.

ಈ ರೋಗದ ಔಷಧಿಯ ಕಥೆ ಸ್ವಾರಸ್ಯಕರವಾಗಿದೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಎಂಬ ಔಷಧಿಯನ್ನು ಕೊಡಲಾಯಿತು. ಸೊರಗಿದ್ದ ರೋಗಿಗಳ ಹಸಿವು ಹೆಚ್ಚಿತು, ಅವರಲ್ಲಿ ಲವಲವಿಕೆ ಮೂಡಿತು. ಕೆಲವೇ ವರ್ಷಗಳಲ್ಲಿ ವೈದ್ಯರು ಅದನ್ನು ಖಿನ್ನತೆಗೆ ಬಳಸಿದರು. ಯಕೃತ್ತಿಗೆ ಹಾನಿಯಾಗುವುದು ತಿಳಿದ ಮೇಲೆ ಅದು ಹಿಂದೆ ಸರಿಯಿತಾದರೂ, ಹೆಚ್ಚು ಸುರಕ್ಷಿತವಾದ ಔಷಧಿಗಳ ಶೋಧನೆಗೆ ದಾರಿ ತೆರೆಯಿತು.

ಇಂದಿನ ಅನೇಕ ಔಷಧಿಗಳು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಮೊದಲಾದ ರಾಸಾಯನಿಕಗಳ ಮೇಲೆ ಬೇಗನೆ ಪ್ರಭಾವ ಬೀರುತ್ತವೆ. ಆದರೆ ಗುಣ ಕಾಣಲು ಹಲವು ವಾರಗಳು ಬೇಕು. ನರಕೋಶಗಳ ಸಂಬಂಧಗಳು ನಿಧಾನವಾಗಿ ಹೊಸದಾಗಿ ಏರ್ಪಡಬೇಕಾಗಿರುವುದು ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಬಿತ್ತಿದ ದಿನವೇ ಪೈರು ಕೊಯ್ಯಲಾದೀತೆ? ಆತುರಪಟ್ಟು ತಾನಾಗಿಯೇ ಔಷಧಿ ನಿಲ್ಲಿಸುವುದು ಅಪಾಯಕರ.

ಮಾತೂ ಮದ್ದೇ. 1960ರ ದಶಕದಲ್ಲಿ ಅಮೆರಿಕದ ವೈದ್ಯ ಆರನ್ ಬೆಕ್, ರೋಗಿಯು ತನ್ನ ನಿರಾಶೆಯ ಆಲೋಚನೆಗಳನ್ನು ತಾನೇ ಪರೀಕ್ಷಿಸಿ ತಿದ್ದಿಕೊಳ್ಳುವ ಚಿಕಿತ್ಸಾಕ್ರಮವನ್ನು ರೂಪಿಸಿದರು. ಇಂತಹ ಚಿಕಿತ್ಸೆಯ ನಂತರವೂ ಮಿದುಳಿನ ಚಟುವಟಿಕೆಯಲ್ಲಿ ಬದಲಾವಣೆಗಳು ಕಂಡುಬಂದಿವೆ. ಔಷಧಿಗೆ ಮಣಿಯದ ಖಿನ್ನತೆಗೆ ತಲೆಯ ಹೊರಗಿನಿಂದಲೇ ಕಾಂತೀಯ ಸ್ಪಂದನಗಳನ್ನು ಕೊಟ್ಟು ಮಿದುಳನ್ನು ಪ್ರಚೋದಿಸುವ ವಿಧಾನವೂ ಇದೆ. ವ್ಯಾಯಾಮ, ಕ್ರಮವಾದ ನಿದ್ರೆ, ಆಪ್ತರ ಒಡನಾಟ ಇವೆಲ್ಲ ಚಿಕಿತ್ಸೆಗೆ ಬಲ ಕೊಡುತ್ತವೆ.

ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾಗಿದೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಶುಲ್ಕವಿಲ್ಲದೆ ಕರೆಮಾಡಿ ನೆರವು ಕೇಳಬಹುದು.

ಪಕ್ಕದಲ್ಲಿ ಕುಳಿತ ಗೆಳೆಯನು ದಿನದಿನಕ್ಕೆ ಮೌನಿಯಾಗುತ್ತಿದ್ದರೆ ಅವನನ್ನು ಹಾಸ್ಯ ಮಾಡದೆ ಅವನ ಮಾತಿಗೆ ಕಿವಿಗೊಡಬೇಕು. 'ಬದುಕುವುದೇ ಬೇಡ' ಎಂದು ಅವನು ನುಡಿದರೆ ಅದನ್ನು ಗುಟ್ಟಾಗಿಡದೆ ಹಿರಿಯರಿಗಾಗಲಿ ಅಧ್ಯಾಪಕರಿಗಾಗಲಿ ಒಡನೆಯೇ ತಿಳಿಸಬೇಕು. ಮುರಿದ ಮೂಳೆ ಕೂಡುವಂತೆ ಕುಗ್ಗಿದ ಮನಸ್ಸೂ ಚೇತರಿಸಿಕೊಳ್ಳಬಲ್ಲದು. ಅದಕ್ಕೆ ಬೇಕಾದುದು ತಕ್ಕ ಚಿಕಿತ್ಸೆ, ತಾಳ್ಮೆ ಮತ್ತು ಜೊತೆಗಿರುವವರ ಅನುಕಂಪ.