ತಪಾಸಣೆಯ ನಂತರ ಬರುವ ಆ ಫೋನ್ ಕರೆ

ಐವತ್ತರ ಆಸುಪಾಸಿನ ತಾಯಿಯೊಬ್ಬರು ಮಗನೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೈಯಲ್ಲಿ ಏಳು ತಿಂಗಳ ಹಿಂದಿನ ತಪಾಸಣಾ ಶಿಬಿರದ ಚೀಟಿ. ಅದರಲ್ಲಿ 'ಮುಂದಿನ ಪರೀಕ್ಷೆ ಅಗತ್ಯ' ಎಂದಿತ್ತು.

"ಆಮೇಲೆ ಯಾಕಮ್ಮ ಹೋಗಲಿಲ್ಲ?"

"ಫೋನ್ ಮಾಡ್ತೀವಿ ಅಂದಿದ್ರು ಡಾಕ್ಟ್ರೇ, ಮಾಡ್ಲೇ ಇಲ್ಲ."

ಮಗ ತಲೆ ತಗ್ಗಿಸಿದ. ಬರೆಸಿದ್ದು ಅವನ ನಂಬರು. ಕರೆ ಎರಡು ಸಲ ಬಂದಿತ್ತು. "ನಿಮ್ಮ ತಾಯಿಯವರ ಹತ್ತಿರ ಮಾತಾಡಬೇಕು" ಎಂದಾಗ ಮೋಸದ ಕರೆಯೆಂದು ತಿಳಿದು ಕಟ್ ಮಾಡಿದ್ದ.

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕರೆ ಮಾಡಿದವರ ತಪ್ಪೂ ಇಲ್ಲ. ತಪಾಸಣೆಯ ಫಲಿತಾಂಶವನ್ನು ಸಂಬಂಧಪಟ್ಟವರಿಗೇ ಹೇಳಬೇಕು. ಫೋನ್ ಎತ್ತಿದವರಿಗೆಲ್ಲ ಹೇಳುವಂತಿಲ್ಲ.

ತಪಾಸಣೆ ಎಂದರೆ ಯಾವ ತೊಂದರೆಯೂ ಇಲ್ಲದವರಲ್ಲಿ ರೋಗದ ಸುಳಿವನ್ನು ಹುಡುಕುವುದು. ನಮ್ಮ ದೇಶದಲ್ಲಿ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಬಾಯಿಯ ಪರೀಕ್ಷೆ, ಮಹಿಳೆಯರಿಗೆ ಅದರ ಜೊತೆಗೆ ಸ್ತನ ಮತ್ತು ಗರ್ಭಕೊರಳಿನ ಪರೀಕ್ಷೆ ಮಾಡಬೇಕು. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿಯ ಮಚ್ಚೆ ಕಾಣುವುದೇ ಎಂದು ನೋಡುತ್ತಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತನೆಯ ತರಗತಿ ಓದಿದ ಕಾರ್ಯಕರ್ತೆಯರಿಂದಲೇ ಈ ಪರೀಕ್ಷೆ ಮಾಡಿಸಿ, ಗರ್ಭಕೊರಳಿನ ಕ್ಯಾನ್ಸರ್‌ನ ಸಾವು ಶೇಕಡಾ 31ರಷ್ಟು ತಗ್ಗಿದ್ದನ್ನು 2014ರಲ್ಲಿ ಪ್ರಕಟಿಸಿದರು.

ಬಿಳಿ ಮಚ್ಚೆ ಕಂಡಿತೆಂದರೆ ಕ್ಯಾನ್ಸರ್ ಎಂದಲ್ಲ. ಉರಿಯೂತದಲ್ಲಿಯೂ ಹಾಗೆ ಕಾಣಬಹುದು. ಅದಕ್ಕಾಗಿಯೇ ದೊಡ್ಡದಾಗಿ ತೋರಿಸುವ ಉಪಕರಣದಿಂದ ಮತ್ತೊಮ್ಮೆ ನೋಡುವುದು, ಬೇಕಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಈ ಎರಡನೆಯ ಹೆಜ್ಜೆಗೆ ಜನ ಬಾರದಿದ್ದರೆ ಮೊದಲನೆಯದು ವ್ಯರ್ಥ.

ಅವರನ್ನು ಕರೆತರುವವರು ರಿಜಿಸ್ಟರ್ ಮತ್ತು ಫೋನಿನ ಮುಂದೆ ಕುಳಿತವರು. ಶಿಬಿರದ ಫೋಟೋದಲ್ಲಿ ಅವರು ಇರುವುದಿಲ್ಲ, ನಾವು ಡಾಕ್ಟರುಗಳೇ ಮುಂದೆ ನಿಂತಿರುತ್ತೇವೆ! ಯಾರು ಬಂದರು, ಯಾರು ಬರಲಿಲ್ಲ ಎಂದು ಗುರುತು ಹಾಕಬೇಕು. ಹಗಲು ಸಿಗದವರಿಗೆ ಸಂಜೆ ಕರೆ ಮಾಡಬೇಕು. ಮುಟ್ಟಿನ ದಿನ ತಪ್ಪಿಸಿ ದಿನಾಂಕ ಕೊಡಬೇಕು. ಸಿಗದೇ ಹೋದರೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಬೇಕು. "ನೋವಾಗುತ್ತಾ? ದುಡ್ಡು ಎಷ್ಟು? ಅತ್ತೆಗೆ ಗೊತ್ತಾಗುತ್ತಾ?" ಎಂಬ ಪ್ರಶ್ನೆಗಳಿಗೆ ಹೆದರಿಸದೆ, ಸುಳ್ಳು ಸಮಾಧಾನವನ್ನೂ ಹೇಳದೆ ಉತ್ತರಿಸಬೇಕು. ಕರೆ ಮಾಡಿದಾಕೆ "ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದೆ" ಎಂದರೆ ಅದು ತಪಾಸಣೆಯ ಮಾತೇ ಅಲ್ಲ, ಮುಂದಿನ ಶಿಬಿರಕ್ಕೆ ಕಾಯದೆ ನೇರವಾಗಿ ವೈದ್ಯರಲ್ಲಿಗೆ ಕಳಿಸಬೇಕು.

ಮನೆಯವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ತಪಾಸಣೆಗೆ ಹೋದವರ ಸ್ವಂತ ನಂಬರಿನ ಜೊತೆ ನಂಬಿಕಸ್ಥರ ಇನ್ನೊಂದು ನಂಬರನ್ನೂ ಬರೆಸಿ. ಬದಲಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನಿಜವಾದ ಕರೆಯವರಿಗೆ ತಪಾಸಣೆ ಎಲ್ಲಿ, ಯಾವಾಗ ನಡೆಯಿತೆಂಬುದು ಗೊತ್ತಿರುತ್ತದೆ. ಒಟಿಪಿ, ಬ್ಯಾಂಕ್ ಖಾತೆಯ ವಿವರ ಅವರಿಗೆ ಬೇಡ. ಅನುಮಾನ ಬಂದರೆ ಕರೆ ಕಟ್ ಮಾಡಿ, ಆದರೆ ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಿ.

ಆ ತಾಯಿಯನ್ನು ಮರುದಿನವೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಕ್ಯಾನ್ಸರ್ ಆಗಿರಲಿಲ್ಲ, ಅದರ ಹಿಂದಿನ ಹಂತ. ಚಿಕಿತ್ಸೆ ಪಡೆದು ಅಂದೇ ಮನೆಗೆ ಮರಳಿದರು. ಮುಂದಿನ ತಪಾಸಣೆಯ ದಿನಾಂಕವನ್ನು ಮಗನೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾನಂತೆ.