ಕೊರಳಪಟ್ಟಿ ಎಣಿಸುವುದನ್ನು ನಾವೂ ಎಣಿಸಬಹುದು

ಬೇಸಿಗೆಯಲ್ಲಿ ಹಾಲು ಇಳಿದ ಮೇಲೆ ಕಾರಣ ಹುಡುಕುವವರೇ ಹೆಚ್ಚು. ಸೆಕೆ ತಾಗಿ ಒಂದೆರಡು ದಿನ ಕಳೆದ ಮೇಲೆ ಹಾಲು ಕಮ್ಮಿಯಾಗುವುದು. ಅದಕ್ಕೂ ಮೊದಲೇ ಹಸು ಸೂಚನೆ ಕೊಟ್ಟಿರುತ್ತದೆ. ಈ ಸೂಚನೆ ಹಿಡಿಯಲೆಂದೇ ದೊಡ್ಡ ಡೇರಿಗಳಲ್ಲಿ ಹಸುವಿನ ಕೊರಳು, ಕಾಲು, ಕಿವಿಗೆ ಉಪಕರಣ ಕಟ್ಟುತ್ತಾರೆ.

ಉಪಕರಣ ಏನು ಮಾಡುತ್ತದೆ?

ಇಸ್ರೇಲಿನಲ್ಲಿ 1980ರ ದಶಕದಲ್ಲೇ ಬೆದೆ ಪತ್ತೆಗೆಂದು ಹಸುವಿನ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟತೊಡಗಿದರು. 2011ರಲ್ಲಿ ಆರಂಭವಾದ ಬೆಂಗಳೂರಿನ ಸ್ಟೆಲ್ಯಾಪ್ಸ್ ಕಂಪೆನಿಯೂ ಅಂಥದ್ದನ್ನು ತಂದಿದೆ. ಕೊರಳಪಟ್ಟಿಯಾದರೆ ಮೆಲುಕು ಹಾಕಿದ ಹೊತ್ತನ್ನೂ ಲೆಕ್ಕ ಇಡುತ್ತದೆ. ಆರೋಗ್ಯವಂತ ಹಸು ದಿನಕ್ಕೆ ಸುಮಾರು 7-8 ಗಂಟೆ ಮೆಲುಕು ಹಾಕುತ್ತದೆ. ಸಂಕಟವಾದರೆ ಇದು ಇಳಿಯುತ್ತದೆ.

ಪಟ್ಟಿ ಪ್ರತಿ ಹಸುವಿನ ನಿತ್ಯದ ರೂಢಿಯನ್ನು ನೆನಪಿಟ್ಟು, ಅದು ತಪ್ಪಿದಾಗ ಮೊಬೈಲಿಗೆ ತಿಳಿಸುತ್ತದೆ. ರಾತ್ರಿಯೂ ಕಾಯುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಆದರೆ ಯಾಕೆ ಹೀಗಾಯಿತು ಎಂಬುದನ್ನು ನಾವೇ ಹಟ್ಟಿಗೆ ಹೋಗಿ ನೋಡಬೇಕು:

• ಮೆಲುಕು ಕಮ್ಮಿ, ಓಡಾಟ ಜಾಸ್ತಿ – ಬೆದೆ ಇರಬಹುದು.
• ಮೆಲುಕೂ ಕಮ್ಮಿ, ಓಡಾಟವೂ ಕಮ್ಮಿ, ಅದೂ ಒಂದೇ ಹಸುವಿಗೆ – ಕಾಯಿಲೆಯ ಸಂಶಯ. ಡಾಕ್ಟರಿಗೆ ತಿಳಿಸಿ.
• ಮಧ್ಯಾಹ್ನ ಎಲ್ಲ ಹಸುಗಳಿಗೂ ಮೆಲುಕು ಕಮ್ಮಿ, ಮಲಗದೆ ನಿಂತೇ ಇರುತ್ತವೆ – ಸೆಕೆಯ ಸಂಕಟ.

ಎರಡು ಹಸು ಇದ್ದವರಿಗೆ

ಒಂದೆರಡು ಹಸುವಿಗೆ ಪಟ್ಟಿ ಬೇಕೆಂದಿಲ್ಲ. ಗಡಿಯಾರ, ನೋಟ್‌ಪುಸ್ತಕ ಸಾಕು.

1. ಬೆಳಗ್ಗೆ ತಂಪು ಹೊತ್ತಿನಲ್ಲಿ, ಹಸು ಆರಾಮವಾಗಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಒಂದು ವಾರ ಬರೆದಿಡಿ. ಅದೇ ನಿಮ್ಮ ಹಸುವಿನ ರೂಢಿ.

2. ಮಧ್ಯಾಹ್ನ 2 ಗಂಟೆಗೆ ಪುನಃ ಎಣಿಸಿ. 60 ದಾಟಿದರೆ ಸೆಕೆ ತಾಗಿದೆ ಅಂತಲೇ ತಿಳಿಯಿರಿ. ಬಾಯಿ ತೆರೆದು ಜೊಲ್ಲು ಸುರಿಸಿ ಏದುಸಿರು ಬಿಟ್ಟರೆ ಕೂಡಲೇ ತಂಪು ಮಾಡಿ, ಡಾಕ್ಟರನ್ನು ಕರೆಸಿ.

3. ಮೆಲುಕು ಹಾಕುವಾಗ ಒಂದು ಉಂಡೆಗೆ ಎಷ್ಟು ಸಲ ಜಗಿಯುತ್ತದೆ ನೋಡಿ. ಸಾಮಾನ್ಯವಾಗಿ 50ರಿಂದ 70. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಎಚ್ಚರ.

ಸೆಕೆ ನಮಗೆ ತಾಗುವ ಮೊದಲೇ ಹಸುವಿಗೆ ತಾಗುತ್ತದೆ. ಗಾಳಿಯಲ್ಲಿ ತೇವಾಂಶ 70 ಶೇಕಡಾ ಇದ್ದರೆ, 24 ಡಿಗ್ರಿಗೇ ಹೆಚ್ಚು ಹಾಲಿನ ಎಚ್‌ಎಫ್ ಹಸುವಿಗೆ ಕಷ್ಟ ಶುರು. ನಾಟಿ ದನ ಇನ್ನಷ್ಟು ತಡೆದುಕೊಳ್ಳುತ್ತದೆ.

ಪರಿಹಾರ

ನೆರಳು, ದಿನವಿಡೀ ನೀರು, ಹೆಚ್ಚಿನ ಮೇವು ಮುಂಜಾನೆ ಮತ್ತು ಸಂಜೆ. ಮೈಗೆ ನೀರು ಹಾಕಿದರೆ ಗಾಳಿಯೂ ಬೇಕು. ಕರಾವಳಿಯಲ್ಲಂತೂ ಫ್ಯಾನ್ ಇಲ್ಲದೆ ಬರೀ ನೀರು ಚಿಮುಕಿಸಿದರೆ ಹಟ್ಟಿಯಲ್ಲಿ ತೇವ ಹೆಚ್ಚಾದೀತೇ ಹೊರತು ಹಸು ತಣಿಯದು. ಅರ್ಧ ಗಂಟೆ ಬಿಟ್ಟು ಮತ್ತೆ ಉಸಿರು ಎಣಿಸಿ. ಲೆಕ್ಕ ಇಳಿದಿದ್ದರೆ ಮಾಡಿದ ಉಪಾಯ ಸರಿ, ಇಳಿಯದಿದ್ದರೆ ಇನ್ನೂ ಗಾಳಿ ಬೇಕು ಎಂದರ್ಥ.