ಹಂದಿಯ ತಳಿಗುಣ ಮತ್ತು ಮಾಂಸದ ಗುಣಮಟ್ಟ

ಒಂದೇ ದೊಡ್ಡಿಯಲ್ಲಿ, ಒಂದೇ ಆಹಾರ ತಿಂದು ಬೆಳೆದ ಎರಡು ಹಂದಿಗಳ ಮಾಂಸ ಒಂದೇ ತೆರನಾಗಿ ಇರುತ್ತದೆಂದು ಹೇಳಲಾಗದು. ಒಂದರ ಮಾಂಸ ಕೆಂಪಗೆ, ಬೆರಳಿಟ್ಟರೆ ಬಿಗಿಯಾಗಿರುತ್ತದೆ. ಇನ್ನೊಂದರದು ಬಿಳಿಚಿಕೊಂಡು, ಮೆತ್ತಗಾಗಿ, ಇಟ್ಟಲ್ಲೇ ನೀರು ಬಿಡುತ್ತದೆ; ಬೇಯಿಸಿದರೆ ತುಂಡು ಕುಗ್ಗಿ ಒಣಗಿದಂತಾಗುತ್ತದೆ. ಈ ವ್ಯತ್ಯಾಸದ ಬೇರು ಅರ್ಧ ರಕ್ತದಲ್ಲಿದೆ, ಅರ್ಧ ಸಾಕುವವನ ಕೈಯಲ್ಲಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆ ಇವೆರಡನ್ನೂ ಒಟ್ಟಿಗೇ ನೋಡಬೇಕು.

ಜೀವಂತ ಹಂದಿಯ ಸ್ನಾಯುವಿನ ಪಿಎಚ್ ಸುಮಾರು 7. ಕಡಿದ ಮೇಲೆ ಸ್ನಾಯುವಿನಲ್ಲಿ ಉಳಿದ ಗ್ಲೈಕೊಜೆನ್ ಲ್ಯಾಕ್ಟಿಕ್ ಆಮ್ಲವಾಗಿ, ಒಂದು ದಿನದೊಳಗೆ ಪಿಎಚ್ ನಿಧಾನವಾಗಿ 5.6ರ ಆಸುಪಾಸಿಗೆ ಇಳಿಯುತ್ತದೆ. ಇಳಿಯುವುದು ತಪ್ಪಲ್ಲ, ಅವಸರವಾಗಿ ಇಳಿಯುವುದು ತಪ್ಪು. ಮೈ ಇನ್ನೂ ಬಿಸಿಯಿರುವಾಗಲೇ, ಮುಕ್ಕಾಲು ತಾಸಿನಲ್ಲಿ ಅದು 6ಕ್ಕಿಂತ ಕೆಳಗಿಳಿದರೆ ಸ್ನಾಯುವಿನ ಪ್ರೋಟೀನ್ ಕೆಟ್ಟು, ನೀರು ಹಿಡಿದಿಡುವ ಶಕ್ತಿ ಹೋಗುತ್ತದೆ.

ಹೀಗಾಗುವುದಕ್ಕೆ ಕಾರಣವಾದ ವಂಶವಾಹಿಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಹ್ಯಾಲೊಥೇನ್ ಜೀನ್. 1970ರ ದಶಕದಲ್ಲಿ ಯುರೋಪಿನಲ್ಲಿ ಮರಿಗಳಿಗೆ ಹ್ಯಾಲೊಥೇನ್ ಎಂಬ ಅರಿವಳಿಕೆ ಅನಿಲವನ್ನು ಕೆಲವು ನಿಮಿಷ ಮೂಸಿಸಿ, ಕಾಲು ಸೆಟೆದುಕೊಂಡ ಮರಿಗಳನ್ನು ತಳಿಗೆ ಬಳಸದೆ ಬಿಡುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದಲೇ. 1991ರಲ್ಲಿ ಕೆನಡಾದ ಸಂಶೋಧಕರು ದೋಷದ ಮೂಲವನ್ನು ಪತ್ತೆಹಚ್ಚಿದರು. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲಿನಂಥ ಪ್ರೋಟೀನ್ ಒಂದಿದೆ. ಐದು ಸಾವಿರ ಚಿಲ್ಲರೆ ಅಮೈನೊ ಆಮ್ಲಗಳ ಆ ಸರದಲ್ಲಿ 615ನೆಯದು ಮಾತ್ರ ಬದಲಾಗಿರುತ್ತದೆ. ಅಷ್ಟಕ್ಕೇ ಬಾಗಿಲು ಸುಲಭವಾಗಿ ತೆರೆದುಕೊಳ್ಳುತ್ತದೆ, ಬೇಗ ಮುಚ್ಚುವುದಿಲ್ಲ. ಬಿಸಿಲು, ಜಗಳ, ಸಾಗಣೆ ಇಂಥ ಯಾವ ಒತ್ತಡಕ್ಕೂ ಹಂದಿಯ ಮೈ ಸುಡತೊಡಗಿ, ಗಾಡಿಯಲ್ಲೇ ಸಾಯಬಹುದು. ಬದುಕುಳಿದು ಕಡಿತಕ್ಕೆ ಹೋದರೂ ಮಾಂಸ ಬಿಳಿಚಿ ನೀರಾಗುತ್ತದೆ.

ಆದರೂ ಈ ದೋಷ ಅನೇಕ ತಳಿಗಳಲ್ಲಿ ಉಳಿದುಕೊಂಡು ಬಂತು, ಏಕೆಂದರೆ ಅದನ್ನು ಹೊತ್ತ ಹಂದಿಗೆ ನೆಣ ಕಡಿಮೆ, ಮಾಂಸಖಂಡ ಹೆಚ್ಚು. ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ ಇದು ಬಹಳವಾಗಿ ಕಂಡುಬಂದಿತ್ತು. ತೊಡೆ ತುಂಬಿಕೊಂಡ ಗಂಡನ್ನು ಕಣ್ಣಳತೆಯಲ್ಲೇ ಆರಿಸುವವರು ತಿಳಿಯದೆ ದೋಷವನ್ನೂ ಮನೆಗೆ ತಂದುಕೊಳ್ಳುತ್ತಾರೆ. ಎರಡೂ ಕಡೆಯಿಂದ ದೋಷ ಬಂದ ಮರಿಗೆ ಮಾತ್ರ ರೋಗ ಪೂರ್ತಿಯಾಗಿ ಕಾಣಿಸಿಕೊಳ್ಳುತ್ತದೆ. ಒಂದೇ ಕಡೆಯಿಂದ ಬಂದದ್ದು ಆರೋಗ್ಯವಾಗಿದ್ದಂತೆ ತೋರುತ್ತಲೇ ದೋಷವನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಅಂಥ ಗಂಡು-ಹೆಣ್ಣು ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ರೋಗ. ಪರೀಕ್ಷೆಗೆ ರಕ್ತವೋ ಕಿತ್ತ ಕೂದಲಿನ ಬೇರೋ ಸಾಕು. ಹೊರಗಿನಿಂದ ಬೆಲೆಬಾಳುವ ಗಂಡು ತರುವ ಮುನ್ನ ಮಾರುವವರಲ್ಲಿ ಈ ಪರೀಕ್ಷೆಯ ಫಲಿತಾಂಶ ಕೇಳುವುದು ರೈತನ ಹಕ್ಕು. ಈ ಭಾಗದವರು ಪಶುವೈದ್ಯರ ಮೂಲಕ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೂ ವಿಚಾರಿಸಬಹುದು.

ಹ್ಯಾಂಪ್‌ಶೈರ್ ತಳಿಯಲ್ಲಿ ಬೇರೆಯದೇ ದೋಷವಿದೆ. 2000ದಲ್ಲಿ ಅದರ ಜೀನ್ ಗುರುತಿಸಲಾಯಿತು. ಇದರಲ್ಲಿ ಸ್ನಾಯುವಿನ ಗ್ಲೈಕೊಜೆನ್ ಅತಿಯಾಗಿ, ಪಿಎಚ್ ಕೊನೆಗೆ ಬೇಕಾದ್ದಕ್ಕಿಂತ ಕೆಳಗೆ ನಿಲ್ಲುತ್ತದೆ. 2003ರಲ್ಲಿ ಪತ್ತೆಯಾದ ಇನ್ನೊಂದು ಬದಲಾವಣೆ ಮಾಂಸಖಂಡವನ್ನು ಹೆಚ್ಚಿಸಿ ಬೆನ್ನಿನ ನೆಣವನ್ನು ಇಳಿಸುತ್ತದೆ. ಇದರ ವಿಶೇಷವೆಂದರೆ ತಂದೆಯಿಂದ ಬಂದ ಪ್ರತಿ ಮಾತ್ರ ಮರಿಯಲ್ಲಿ ಕೆಲಸ ಮಾಡುತ್ತದೆ, ತಾಯಿಯದು ಸುಮ್ಮನಿರುತ್ತದೆ. ಗಂಡಿನ ಆಯ್ಕೆಗೆ ಹೆಚ್ಚು ಗಮನ ಕೊಡಬೇಕೆಂಬುದಕ್ಕೆ ಇದೂ ಒಂದು ಆಧಾರ.

ರುಚಿ, ಮೆದುತನ ಮಾತ್ರ ಒಂದು ಜೀನಿನ ಲೆಕ್ಕಕ್ಕೆ ಸಿಗುವುದಿಲ್ಲ. ಮಾಂಸದ ಎಳೆಗಳ ನಡುವಿನ ಸಣ್ಣ ನೆಣ ಅನೇಕ ಜೀನುಗಳಿಂದ ಬರುವ ಗುಣ. ಡ್ಯುರಾಕ್ ತಳಿ ಇದಕ್ಕೆ ಹೆಸರುವಾಸಿ. ಕರ್ನಾಟಕದಲ್ಲಿ ಹೆಚ್ಚಾಗಿ ಸಾಕುವ ಬಿಳಿ ಯಾರ್ಕ್‌ಶೈರ್ ಬೇಗ ಬೆಳೆಯುತ್ತದೆ, ಮರಿಯೂ ಹೆಚ್ಚು. ಕಪ್ಪು ನಾಡಹಂದಿ ನಿಧಾನ, ಗಾತ್ರದಲ್ಲಿ ಸಣ್ಣದು. ಆದರೆ ಈ ಬಿಸಿಲಿಗೆ ಒಗ್ಗಿದ್ದು, ನೆಣ ದಂಡಿಯಾಗಿ ಕಟ್ಟುತ್ತದೆ. ನೆಣವೆಲ್ಲ ದೋಷವೆಂದು ತಿಳಿಯಬಾರದು. ಕಾಚಂಪುಳಿ ಹಾಕಿ ಮಾಡುವ ಕೊಡಗಿನ ಪಂದಿ ಕರಿಗೆ ತೊಗಲು, ನೆಣ ಎರಡೂ ಬೇಕು. ನಾಡಹಂದಿಯ ಹೆಣ್ಣಿಗೆ ಯಾರ್ಕ್‌ಶೈರ್ ಗಂಡು ಕೊಡಿಸಿ ಪಡೆದ ಮಿಶ್ರತಳಿ ಸಣ್ಣ ಸಾಕಣೆದಾರನಿಗೆ ಒಳ್ಳೆಯ ಆಯ್ಕೆ.

ಆಹಾರದ ಗುರುತು ನೆಣದಲ್ಲಿ ಬೇಗ ಕಾಣುತ್ತದೆ. ತೊಗರಿ ಕಣಜವಾದ ಈ ಸೀಮೆಯ ದಾಲ್ ಮಿಲ್ಲುಗಳಲ್ಲಿ ಸಿಗುವ ಚುನ್ನಿಯನ್ನು ಜೋಳದ ನುಚ್ಚಿನೊಂದಿಗೆ ಮಿತವಾಗಿ ಕೊಡಬಹುದು. ಎಣ್ಣೆ ಹೆಚ್ಚಿರುವ ಹಿಂಡಿ, ತೌಡು ಕೊನೆಯ ತಿಂಗಳುಗಳಲ್ಲಿ ಅತಿಯಾದರೆ ನೆಣ ಮೆತ್ತಗಾಗಿ ಜಿಡ್ಡಾಗುತ್ತದೆ.

ಒಳ್ಳೆಯ ತಳಿಯ ಹಂದಿಯೂ ಕೊನೆಯ ದಿನ ಹಾಳಾಗಬಹುದು. ಹಂದಿ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಆದ್ದರಿಂದ ಬೆಳಕು ಹರಿಯುವ ಮುನ್ನ ಸಾಗಿಸಬೇಕು, ಬಡಿಯಬಾರದು, ಪರಸ್ಪರ ಪರಿಚಯವಿಲ್ಲದ ಗುಂಪುಗಳನ್ನು ಒಂದೇ ಗಾಡಿಗೆ ತುಂಬಬಾರದು. ಕಡಿಯುವ ಮುಂಚೆ ಸುಮಾರು 12 ತಾಸು ಆಹಾರ ನಿಲ್ಲಿಸಿ ನೀರು ಮಾತ್ರ ಕೊಟ್ಟು, ನೆರಳಲ್ಲಿ ಎರಡು ಮೂರು ತಾಸು ಸುಧಾರಿಸಿಕೊಳ್ಳಲು ಬಿಡಬೇಕು. ಬಹಳ ಹೊತ್ತು ದಣಿದ ಹಂದಿಯಲ್ಲಿ ಗ್ಲೈಕೊಜೆನ್ ಮುಗಿದು ಹೋಗಿ, ಪಿಎಚ್ 6ಕ್ಕಿಂತ ಮೇಲೆಯೇ ಉಳಿದು, ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ.

ಯಾವ ಮರಿಗೆ ಯಾವ ಗಂಡು, ಯಾವ ಹೆಣ್ಣು ಎಂಬುದನ್ನು ಬರೆದಿಡದೆ ತಳಿ ಸುಧಾರಿಸದು. ಸಾಗಣೆಯಲ್ಲಿ ಸತ್ತ, ನೀರು ಬಿಟ್ಟ ಮಾಂಸ ಕೊಟ್ಟ ಹಂದಿಗಳು ಒಂದೇ ಗಂಡಿನ ಮರಿಗಳಾಗಿದ್ದರೆ ಆ ಗಂಡನ್ನು ಕೈಬಿಡಬೇಕು. ಹೆಣ್ಣುಮರಿ ಏಳೆಂಟು ತಿಂಗಳಿಗೇ ಬೆದೆಗೆ ಬರುವುದರಿಂದ, ಅದು ತಂದೆಯ ಜೊತೆ ಕೂಡುವ ಮೊದಲೇ ಹಳೆಯ ಗಂಡನ್ನು ದೂರದ ಊರಿನ ದೊಡ್ಡಿಯೊಂದಿಗೆ ಅದಲುಬದಲು ಮಾಡಿಕೊಳ್ಳಬೇಕು.